ಯುರೋಪಲ್ಲಿ ಕೆಲಸದ ಸ್ಟ್ರೆಸ್ಸು, ಬರ್ನ್ಔಟು, ಸಿಕ್ ಲೀವು: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಹಾಸನದ ಕಡೆಯವನು, ಜರ್ಮನಿಗೆ ಬಂದು ಒಂಬತ್ತು ವರ್ಷ ಆಯ್ತು, ಮಧ್ಯದಲ್ಲಿ ಎರಡು ವರ್ಷ ನೆದರ್‌ಲ್ಯಾಂಡ್ಸಿನ ಐಂಡ್‌ಹೋವನ್‌ನಲ್ಲಿದ್ದೆ. ಒಂದ್ಸಲ ಕೆಲಸದ ಒತ್ತಡಕ್ಕೆ ಪೂರ್ತಿ ಮಕಾಡೆ ಮಲಗಿ ಎದ್ದಿದೀನಿ. ಆ ವಿಷಯ ನಾಲ್ಕು ಜನಕ್ಕೆ ಗೊತ್ತಾದ್ಮೇಲೆ ಯಾರಿಗಾದ್ರೂ ಹಿಂಗಾದ್ರೆ ಮೊದಲು ಫೋನ್ ನಂಗೇ ಬರತ್ತೆ, ಅದೂ ರಾತ್ರಿ ಹನ್ನೊಂದರ ಮೇಲೆ, ಮೆಲ್ಲಗಿನ ದನಿಯಲ್ಲಿ, ಪಕ್ಕದ ರೂಮಲ್ಲಿ ಹೆಂಡ್ತಿ ಮಲಗಿದಾಳೆ ಅನ್ನೋ ಥರ. ಕೇಳೋದು ಹೆಚ್ಚುಕಮ್ಮಿ ಅದೇ ಪ್ರಶ್ನೆಗಳು. ಅದಕ್ಕೆ ಎಲ್ಲಾನೂ ಒಂದೇ ಕಡೆ ಬರೆದಿಟ್ಟಿದೀನಿ. ನಾನು ಡಾಕ್ಟ್ರೂ ಅಲ್ಲ ಲಾಯರೂ ಅಲ್ಲ, ಅದು ನೆನಪಿರಲಿ.

ವಾರಕ್ಕೆ 35 ಗಂಟೆ ಕೆಲಸ, ವರ್ಷಕ್ಕೆ 30 ದಿನ ರಜೆ, ಆ ಜನಕ್ಕೆ ಎಂಥಾ ಸ್ಟ್ರೆಸ್ಸಪ್ಪ?

ಊರಿಗೆ ಹೋದಾಗಲೆಲ್ಲ ನಮ್ಮ ಚಿಕ್ಕಪ್ಪ ಕೇಳೋ ಪ್ರಶ್ನೆ ಇದು. ಸ್ಪೇನಿನ ಬಿಲ್ಬಾವ್ ಊರಲ್ಲಿ ಯುರೋಪಿಯನ್ ಯೂನಿಯನ್ನಿನ ಒಂದು ಏಜೆನ್ಸಿ ಇದೆ, ಕೆಲಸದ ಜಾಗದ ಸುರಕ್ಷತೆ, ಆರೋಗ್ಯ ನೋಡ್ಕೊಳ್ಳೋದು, ಇಯು-ಓಶಾ ಅಂತಾರೆ. ಅವರು 2022ರಲ್ಲಿ 27 ಸಾವಿರ ಚಿಲ್ಲರೆ ಕೆಲಸಗಾರರನ್ನ ಮಾತಾಡಿಸಿದ್ರು. 46 ಪರ್ಸೆಂಟ್ ಜನ ಟೈಮ್ ಪ್ರೆಷರ್ ಇಲ್ಲಾ ಕೆಲಸದ ಹೊರೆ ವಿಪರೀತ ಅಂದ್ರು, 27 ಪರ್ಸೆಂಟ್ ಜನ ಕೆಲಸದಿಂದಾನೇ ಸ್ಟ್ರೆಸ್, ಆತಂಕ ಅಥವಾ ಡಿಪ್ರೆಷನ್ ಬಂತು, ಇಲ್ಲಾ ಇದ್ದಿದ್ದು ಜಾಸ್ತಿ ಆಯ್ತು ಅಂದ್ರು. ನಾಲ್ಕು ಜನ ಒಟ್ಟಿಗೆ ಲಿಫ್ಟಲ್ಲಿ ನಿಂತ್ರೆ ಒಬ್ಬನಿಗೆ ಆಗಿದೆ ಅಂತ ಲೆಕ್ಕ.

ಗಂಟೆ ಕಮ್ಮಿ ಅಂದಮಾತ್ರಕ್ಕೆ ಕೆಲಸ ಕಮ್ಮಿ ಆಗ್ಬಿಡಲ್ಲ ನೋಡಿ. ಬೆಂಗಳೂರಲ್ಲಿ ನಾನು ಹತ್ತು ಗಂಟೆ ಆಫೀಸಲ್ಲಿರ್ತಿದ್ದೆ ನಿಜ, ಅದರಲ್ಲಿ ಮೂರು ಸಲ ಕೆಳಗಡೆ ಟೀ ಅಂಗಡಿ, ಊಟಕ್ಕೆ ಒಂದು ಗಂಟೆ, ಮಧ್ಯೆ ಕ್ರಿಕೆಟ್ ಸ್ಕೋರು, ಹಂಗೇ ಹೋಗ್ತಿತ್ತು. ಇಲ್ಲಿ ಎಂಟು ಗಂಟೆ ಅಂದ್ರೆ ಎಂಟು ಗಂಟೇನೂ ಹಿಂಡ್ತಾರೆ, ಅರ್ಧ ಗಂಟೆ ಊಟ, ಮೀಟಿಂಗಿಗೆ ಎರಡು ನಿಮಿಷ ಲೇಟಾದ್ರೆ ಎಲ್ಲರೂ ತಿರುಗಿ ನೋಡ್ತಾರೆ. ಇದು ಲ್ಯಾಪ್‌ಟಾಪ್ ಜನದ ಕಥೆ. ಗೋಡೌನಲ್ಲಿ ಕೈಗೆ ಸ್ಕ್ಯಾನರ್ ಕಟ್ಕೊಂಡು ಓಡಾಡೋರು, ಕೇರ್ ಹೋಮಲ್ಲಿ ರಾತ್ರಿ ಒಬ್ಬರೇ ಮೂವತ್ತು ಅಜ್ಜಿ ತಾತಂದಿರನ್ನ ನೋಡ್ಕೊಳ್ಳೋ ನರ್ಸಮ್ಮಂದಿರು, ಇವರ ಪಾಡು ಬೇರೇನೇ.

ಬರ್ನ್ಔಟ್ ಅನ್ನೋದು ಕಾಯಿಲೆನಾ?

ವಿಶ್ವ ಆರೋಗ್ಯ ಸಂಸ್ಥೆ ಪ್ರಕಾರ ಅಲ್ಲ. ಅವರ ಕಾಯಿಲೆಗಳ ಪಟ್ಟಿ ಐಸಿಡಿ-11ರಲ್ಲಿ, 2022ರಿಂದ ಜಾರಿಗೆ ಬಂದಿದ್ದು, ಬರ್ನ್ಔಟ್ ಇದೆ, ಆದ್ರೆ ಕಾಯಿಲೆ ಅಂತ ಅಲ್ಲ, ಕೆಲಸಕ್ಕೆ ಸಂಬಂಧಪಟ್ಟ ಒಂದು ಸ್ಥಿತಿ ಅಂತ. ಮೂರು ಲಕ್ಷಣ ಹೇಳ್ತಾರೆ: ಮೈಮನಸ್ಸು ಪೂರ್ತಿ ಬರಿದಾಗೋದು, ಕೆಲಸದ ಮೇಲೆ ಜಿಗುಪ್ಸೆ ಬಂದು ದೂರ ಆಗೋದು, ಮತ್ತೆ ನನ್ನ ಕೈಲಿ ಏನೂ ಆಗ್ತಿಲ್ಲ ಅನ್ನಿಸೋದು. ಇದನ್ನ ಮನೆ ಜಗಳಕ್ಕೆ, ಮಕ್ಕಳ ತಾಪತ್ರಯಕ್ಕೆ ಬಳಸೋ ಹಾಗಿಲ್ಲ, ಕೆಲಸಕ್ಕೆ ಮಾತ್ರ ಅಂತಾನೂ ಹೇಳಿದಾರೆ.

ಅದಕ್ಕೇ ಜರ್ಮನ್ ಡಾಕ್ಟ್ರು ರಜೆ ಚೀಟಿ ಬರೀವಾಗ ಸಾಮಾನ್ಯವಾಗಿ ಡಿಪ್ರೆಷನ್ ಅಂತಾನೋ, ಒತ್ತಡಕ್ಕೆ ಪ್ರತಿಕ್ರಿಯೆ ಅಂತಾನೋ ಕೋಡ್ ಹಾಕ್ತಾರೆ. ಸ್ವೀಡನ್ ಮಾತ್ರ ಬೇರೆ ದಾರಿ ಹಿಡೀತು, ಅಲ್ಲಿ ವಿಪರೀತ ದಣಿವಿನ ಸಮಸ್ಯೆಗೇ ಒಂದು ಹೆಸರು ಕೊಟ್ಟು, ಊಟ್‌ಮಾಟ್ನಿಂಗ್ಸ್‌ಸಿಂಡ್ರೋಮ್ ಅಂತ, 2005ರಲ್ಲೇ ರೋಗದ ಪಟ್ಟಿಗೆ ಸೇರಿಸಿದ್ರು. ಸ್ವೀಡನ್ನಿನಲ್ಲಿರೋ ನನ್ನ ಫ್ರೆಂಡು ಈ ಪದ ಹೇಳೋದು ಕಲಿಯೋಷ್ಟರಲ್ಲೇ ಬರ್ನ್ಔಟ್ ಆಗತ್ತೆ ಕಣೋ ಅಂತಿರ್ತಾನೆ.

ಇದು ದೊಡ್ಡ ದೊಡ್ಡ ಮ್ಯಾನೇಜರುಗಳಿಗೆ ಬರೋದಲ್ವಾ? ನಾನು ಸಾದಾ ನೌಕರ.

ಉಲ್ಟಾ. ಲಂಡನ್ನಿನಲ್ಲಿ ಸರ್ಕಾರಿ ಕಚೇರಿಗಳಿರೋ ರಸ್ತೆಗೆ ವೈಟ್‌ಹಾಲ್ ಅಂತ ಹೆಸರು. ಅಲ್ಲಿನ ನೌಕರರ ಮೇಲೆ 1967ರಲ್ಲಿ ಒಂದು ಅಧ್ಯಯನ ಶುರುವಾಯ್ತು, 1985ರಲ್ಲಿ ಇನ್ನೊಂದು, ಆ ಎರಡನೇದರಲ್ಲೇ 10,308 ಜನ ಇದ್ರು, ಮೈಕಲ್ ಮಾರ್ಮಟ್ ಅನ್ನೋ ಡಾಕ್ಟ್ರು ಇದರಿಂದಾನೇ ಹೆಸರಾದ್ರು. ಎಲ್ಲರಿಗೂ ಖಾಯಂ ಕೆಲಸ, ಎಲ್ಲರಿಗೂ ಒಂದೇ ಥರ ಫ್ರೀ ಆಸ್ಪತ್ರೆ, ಬಡವರು ಅಂತ ಯಾರೂ ಇಲ್ಲ. ಆದ್ರೂ ಮೇಲಿನ ಸಾಹೇಬರಿಗಿಂತ ಕೆಳಗಿನ ಜವಾನರಲ್ಲಿ ಹೃದಯದ ಕಾಯಿಲೆಯಿಂದ ಸಾಯೋರು ಹೆಚ್ಚುಕಮ್ಮಿ ಮೂರು ಪಟ್ಟು. ಸಿಗರೇಟು, ಬಿಪಿ, ಕೊಲೆಸ್ಟ್ರಾಲ್ ಎಲ್ಲಾ ಕಳೆದು ನೋಡಿದ್ರೂ ವ್ಯತ್ಯಾಸ ಪೂರ್ತಿ ಹೋಗ್ಲಿಲ್ಲ. ಆಮೇಲೆ ಕೆದಕಿದಾಗ ಸಿಕ್ಕಿದ್ದರಲ್ಲಿ ಮುಖ್ಯವಾದದ್ದು ಅಂದ್ರೆ ತನ್ನ ಕೆಲಸದ ಮೇಲೆ ತನಗೆ ಎಷ್ಟು ಹಿಡಿತ ಇದೆ ಅನ್ನೋದು.

ರಾಬರ್ಟ್ ಕರಾಸೆಕ್ ಅನ್ನೋರು 1979ರಲ್ಲೇ ಇದನ್ನ ಹೇಳಿದ್ರು, ಕೆಲಸ ಜಾಸ್ತಿ ಇದ್ದು ಅದನ್ನ ಹೇಗೆ ಮಾಡೋದು ಯಾವಾಗ ಮಾಡೋದು ಅನ್ನೋದು ನಿನ್ನ ಕೈಲಿಲ್ಲ ಅಂದ್ರೆ ಅದೇ ಅತಿ ಕೆಟ್ಟ ಜಾಗ ಅಂತ. ಜರ್ಮನಿಯ ಯೋಹಾನ್ನೆಸ್ ಸೀಗ್ರಿಸ್ಟ್ 1996ರಲ್ಲಿ ಇನ್ನೊಂದು ಸೇರಿಸಿದ್ರು: ಹಾಕೋ ಶ್ರಮಕ್ಕೂ ಸಿಗೋ ಸಂಬಳ, ಮರ್ಯಾದೆ, ಭದ್ರತೆಗೂ ತಾಳೆ ಆಗದೆ ಇದ್ರೆ ದೇಹ ಅದರ ಲೆಕ್ಕ ಇಟ್ಕೊಳತ್ತೆ. ಕತ್ತೆ ಥರ ದುಡಿದ್ರೂ ಒಂದು ಒಳ್ಳೇ ಮಾತಿಲ್ಲ ಅಂತ ನಮ್ಮಮ್ಮ ಅಂತಿದ್ಳಲ್ಲ, ಅದನ್ನೇ ಇವರು ಗ್ರಾಫ್ ಹಾಕಿ ತೋರಿಸಿದ್ರು.

ಸ್ಟ್ರೆಸ್‌ಗೂ ಕಾನೂನು ಇದೆಯಾ?

ಇದೆ, ನಂಗೆ ಇಲ್ಲಿ ಬಂದ್ಮೇಲೆ ನಿಜವಾಗ್ಲೂ ಆಶ್ಚರ್ಯ ಆಗಿದ್ದು ಇದೇ. ಯುರೋಪಿಯನ್ ಯೂನಿಯನ್ನಿನ ಮೂಲ ಕಾನೂನು 1989ರದ್ದು. ಕೆಲಸದಲ್ಲಿ ಆರೋಗ್ಯಕ್ಕೆ ಏನೇನು ಅಪಾಯ ಇದೆಯೋ ಎಲ್ಲಾನೂ ಮಾಲೀಕನೇ ಮೊದಲೇ ಹುಡುಕಿ ಕಮ್ಮಿ ಮಾಡ್ಬೇಕು ಅನ್ನತ್ತೆ, ಆ ಎಲ್ಲಾ ಅನ್ನೋದರಲ್ಲಿ ಮನಸ್ಸಿಗೆ ಆಗೋ ಅಪಾಯಾನೂ ಬರತ್ತೆ. 2004ರಲ್ಲಿ ಯುರೋಪಿನ ಕಾರ್ಮಿಕ ಸಂಘಗಳು, ಮಾಲೀಕರ ಸಂಘಗಳು ಕೂತು ಕೆಲಸದ ಒತ್ತಡದ ಬಗ್ಗೇನೇ ಒಂದು ಒಪ್ಪಂದ ಮಾಡ್ಕೊಂಡ್ರು. ಜರ್ಮನಿ 2013ರಲ್ಲಿ ತನ್ನ ಕಾನೂನಲ್ಲಿ ಕೆಲಸದ ಮಾನಸಿಕ ಹೊರೆ ಅನ್ನೋ ಪದಾನೇ ಬರೆದು ಸೇರಿಸ್ತು. ಅಂದ್ರೆ ಮಿಷನ್ನಿಗೆ ಗಾರ್ಡ್ ಹಾಕದೆ ಕೈ ಕತ್ತರಿಸಿದ್ರೆ ಹೆಂಗೆ ಮಾಲೀಕನ ತಪ್ಪೋ, ಇಬ್ಬರ ಕೆಲಸ ಒಬ್ಬನ ತಲೆ ಮೇಲೆ ಹಾಕಿ ಅವನು ಕುಸಿದ್ರೂ ಅದೇ ಸಾಲಿಗೆ ಸೇರತ್ತೆ, ಕಾಗದದ ಮೇಲಾದ್ರೂ.

ಇಂಗ್ಲೆಂಡಿನ ಹೆಲ್ತ್ ಅಂಡ್ ಸೇಫ್ಟಿ ಇಲಾಖೆ 2004ರಲ್ಲಿ ಆರು ವಿಷಯ ಗುರುತು ಮಾಡಿದಾರೆ, ಕೆಲಸದ ಹೊರೆ, ಹಿಡಿತ, ಬೆಂಬಲ, ಜನರ ಜೊತೆ ಸಂಬಂಧ, ನಿನ್ನ ಪಾತ್ರ ಏನು ಅನ್ನೋ ಸ್ಪಷ್ಟತೆ, ಮತ್ತೆ ಬದಲಾವಣೆನ ಹೇಗೆ ತರ್ತಾರೆ ಅನ್ನೋದು. ನಾನು ಬಿದ್ದಾಗಿನ ಪರಿಸ್ಥಿತಿನ ಈ ಆರರ ಮುಂದೆ ಇಟ್ಟು ನೋಡ್ದೆ, ಐದು ಕೆಟ್ಟಿತ್ತು. ಜನರ ಜೊತೆ ಸಂಬಂಧ ಒಂದೇ ಚೆನ್ನಾಗಿದ್ದಿದ್ದು, ಟೀಮಿನವರು ಪಾಪ ನನ್ನ ಥರಾನೇ ಮುಳುಗ್ತಿದ್ರು.

ಕೆಲಸದ ಗಂಟೆಗೆ ಲಿಮಿಟ್ ಇದೆಯಾ?

2003ರ ಇಯು ನಿಯಮದ ಪ್ರಕಾರ ಓವರ್‌ಟೈಮ್ ಸೇರಿ ಸರಾಸರಿ ವಾರಕ್ಕೆ 48 ಗಂಟೆ ಮೀರೋ ಹಾಗಿಲ್ಲ, ದಿನಕ್ಕೆ 11 ಗಂಟೆ ಸತತವಾಗಿ ಬಿಡುವು, ವಾರಕ್ಕೊಂದು ಪೂರ್ತಿ ದಿನ ರಜೆ, ವರ್ಷಕ್ಕೆ ಕನಿಷ್ಠ ನಾಲ್ಕು ವಾರ ಸಂಬಳದ ರಜೆ. ಆ 11 ಗಂಟೇನ ಲೆಕ್ಕ ಹಾಕಿ ನೋಡಿ, ರಾತ್ರಿ 11ರ ತನಕ ಕೂತು ಕೆಲಸ ಮಾಡಿದ್ರೆ ಬೆಳಿಗ್ಗೆ 10ಕ್ಕೆ ಮುಂಚೆ ನಿಮ್ಮನ್ನ ಕೂರಿಸೋ ಹಾಗಿಲ್ಲ. ನಮ್ಮವರಿಗೆ ಇದು ಗೊತ್ತೇ ಇರಲ್ಲ, ಒಂಬತ್ತಕ್ಕೆಲ್ಲ ಕಣ್ಣುಜ್ಜಿಕೊಂಡು ಹಾಜರ್.

ಗಂಟೆ ಲೆಕ್ಕ ಯಾಕೆ ಅಷ್ಟು ಮುಖ್ಯ ಅಂದ್ರೆ, ವಿಶ್ವ ಆರೋಗ್ಯ ಸಂಸ್ಥೆ ಮತ್ತೆ ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಸೇರಿ 2021ರಲ್ಲಿ ಹೇಳಿದ್ದು, ವಾರಕ್ಕೆ 55 ಗಂಟೆ ಮೇಲೆ ದುಡಿಯೋರಿಗೆ 35-40 ಗಂಟೆ ದುಡಿಯೋರಿಗಿಂತ ಸ್ಟ್ರೋಕ್ ಆಗೋ ಸಾಧ್ಯತೆ 35 ಪರ್ಸೆಂಟ್ ಜಾಸ್ತಿ.

ಫ್ರಾನ್ಸ್ ಟೆಲಿಕಾಂ ಕೇಸ್ ಅಂತ ಎಲ್ಲರೂ ಹೇಳ್ತಾರಲ್ಲ, ಏನದು?

ಇದನ್ನ ಸ್ವಲ್ಪ ಉದ್ದ ಹೇಳ್ತೀನಿ, ಯಾಕಂದ್ರೆ ಯುರೋಪಲ್ಲಿ ಈ ವಿಷಯದ ಮಾತು ಬದಲಾಗಿದ್ದರಲ್ಲಿ ಇದರ ಪಾಲು ದೊಡ್ಡದು.

ನಮ್ಮ ಬಿಎಸ್ಎನ್ಎಲ್ ಥರ ಸರ್ಕಾರಿ ಟೆಲಿಫೋನ್ ಇಲಾಖೆ ಆಗಿದ್ದಿದ್ದು ಖಾಸಗಿ ಆಯ್ತು. ತುಂಬಾ ಜನ ಇನ್ನೂ ಸರ್ಕಾರಿ ನೌಕರರ ಹಕ್ಕಲ್ಲೇ ಇದ್ರು, ತೆಗೆದುಹಾಕೋಕೆ ಆಗಲ್ಲ. ಸಿಇಒ ಡಿಡಿಯೆ ಲೊಂಬಾರ್ ಕಾಲದಲ್ಲಿ, 2006ರಿಂದ 2008ರ ಒಳಗೆ 22,000 ಜನ ಹೊರಗೆ ಹೋಗ್ಬೇಕು, 10,000 ಜನ ಕೆಲಸ ಬದಲಾಯಿಸ್ಬೇಕು ಅಂತ ಪ್ಲಾನ್ ಹಾಕಿದ್ರು. ತೆಗೆಯೋಕೆ ಆಗಲ್ಲ ಅಂದ್ರೆ ಏನ್ಮಾಡ್ತಾರೆ, ತಾವಾಗೇ ಬಿಟ್ಟುಹೋಗೋ ಹಾಗೆ ಮಾಡೋದು. ಬಾಗಿಲಿಂದಾದ್ರೂ ಹೋಗ್ಲಿ ಕಿಟಕಿಯಿಂದಾದ್ರೂ ಹೋಗ್ಲಿ, ಅವರನ್ನ ಕಳಿಸ್ತೀನಿ ಅನ್ನೋ ಅರ್ಥದ ಮಾತನ್ನ ಸಿಇಒ ಮ್ಯಾನೇಜರುಗಳ ಸಭೆಯಲ್ಲಿ ಆಡಿದ್ದು ಕೋರ್ಟಲ್ಲೂ ಬಂತು. ವರ್ಷಾನುಗಟ್ಟಲೆ ಕಂಬ ಹತ್ತಿ ಲೈನ್ ರಿಪೇರಿ ಮಾಡ್ತಿದ್ದ ಟೆಕ್ನಿಷಿಯನ್ನನ್ನ ಕಾಲ್ ಸೆಂಟರಲ್ಲಿ ಹೆಡ್‌ಸೆಟ್ ಹಾಕಿ ಕೂರಿಸೋದು, ದೂರದ ಊರಿಗೆ ಹಾಕೋದು, ಕೆಲಸಾನೇ ಕೊಡದೆ ಕೂರಿಸೋದು. 2008, 2009 ಈ ಎರಡೇ ವರ್ಷದಲ್ಲಿ 35 ನೌಕರರು ಪ್ರಾಣ ಕಳ್ಕೊಂಡ್ರು ಅಂತ ಸಂಘಗಳು ಲೆಕ್ಕ ಕೊಟ್ವು. ಕೋರ್ಟು 39 ಜನರ ಕೇಸು ತಗೊಂಡು ನೋಡ್ತು, ಅದರಲ್ಲಿ 19 ಆತ್ಮಹತ್ಯೆ.

2019ರ ಡಿಸೆಂಬರಲ್ಲಿ ತೀರ್ಪು ಬಂತು, ಕಂಪನಿಗೂ ಶಿಕ್ಷೆ, ಮೇಲಿನವರಿಗೂ ಶಿಕ್ಷೆ. ಕಂಪನಿಗೆ ಹಾಕಿದ ದಂಡ 75,000 ಯೂರೋ, ಆಗ ಕಾನೂನಲ್ಲಿದ್ದ ಗರಿಷ್ಠಾನೇ ಅಷ್ಟು. ಅಷ್ಟು ದೊಡ್ಡ ಕಂಪನಿಗೆ ಅದು ಒಂದು ಮಧ್ಯಾಹ್ನದ ಕಾಫಿ ಖರ್ಚು ಇರಬಹುದು. 2022ರ ಅಪೀಲಲ್ಲಿ ಜೈಲು ಶಿಕ್ಷೆ ಅಮಾನತಾಯ್ತು, ಆದ್ರೆ 2025ರ ಜನವರಿಯಲ್ಲಿ ಫ್ರಾನ್ಸಿನ ಅತ್ಯುನ್ನತ ಕೋರ್ಟು ಅಪರಾಧ ಅಪರಾಧಾನೇ ಅಂತ ಎತ್ತಿಹಿಡೀತು. ಒಬ್ಬ ಮ್ಯಾನೇಜರ್ ಒಬ್ಬ ನೌಕರನಿಗೆ ಕಿರುಕುಳ ಕೊಟ್ಟ ಅಂತ ಸಾಬೀತು ಮಾಡ್ಬೇಕಾಗಿಲ್ಲ, ಕಂಪನಿಯ ಪಾಲಿಸೀನೇ ಕಿರುಕುಳ ಆಗಬಹುದು. ಈ ಒಂದು ವಾಕ್ಯಕ್ಕೆ ಹತ್ತು ಹದಿನೈದು ವರ್ಷ ಹಿಡೀತು.

ರಾತ್ರಿ ಬಾಸ್ ಮೆಸೇಜ್ ಮಾಡಿದ್ರೆ ರಿಪ್ಲೈ ಮಾಡ್ಲೇಬೇಕಾ?

ಯಾವ ದೇಶ ಅನ್ನೋದರ ಮೇಲೆ. ಫ್ರಾನ್ಸಲ್ಲಿ 2017ರ ಜನವರಿ 1ರಿಂದ ಡಿಸ್ಕನೆಕ್ಟ್ ಆಗೋ ಹಕ್ಕಿದೆ, 50 ಜನ ಇಲ್ಲಾ ಅದಕ್ಕಿಂತ ಹೆಚ್ಚು ಇರೋ ಕಂಪನಿ ಅದರ ಬಗ್ಗೆ ನೌಕರರ ಜೊತೆ ಕೂತು ಮಾತಾಡ್ಬೇಕು. ಪೋರ್ಚುಗಲ್ 2021ರಲ್ಲಿ ಉಲ್ಟಾ ಕಡೆಯಿಂದ ಹಿಡೀತು, ನೌಕರ ಫೋನ್ ಆಫ್ ಮಾಡೋ ಹಕ್ಕಿನ ಬದಲು ಮಾಲೀಕನೇ ಡ್ಯೂಟಿ ಮುಗಿದ್ಮೇಲೆ ತೊಂದ್ರೆ ಕೊಡಬಾರದು ಅಂತ. ನಂಗೆ ಪೋರ್ಚುಗಲ್‌ನೋರದ್ದೇ ಸರಿ ಅನ್ಸತ್ತೆ, ರಿಪ್ಲೈ ಮಾಡದೆ ಇರೋ ಧೈರ್ಯ ಎಲ್ಲರಿಗೂ ಎಲ್ಲಿ ಬರತ್ತೆ. ಬೆಲ್ಜಿಯಂನಲ್ಲಿ 20 ಜನ ಇಲ್ಲಾ ಅದಕ್ಕಿಂತ ಹೆಚ್ಚು ಇರೋ ಕಂಪನಿಗಳಿಗೆ 2023ರಿಂದ ನಿಯಮ ಇದೆ, ಐರ್ಲೆಂಡಲ್ಲಿ 2021ರಿಂದ ಒಂದು ಮಾರ್ಗಸೂಚಿ ಇದೆ. ಜರ್ಮನಿಯಲ್ಲಿ ಈ ಹೆಸರಿನ ಕಾನೂನಿಲ್ಲ, ಆದ್ರೆ ಫೈಯರ್‌ಆಬೆಂಡ್ ಅನ್ನೋ ಪದ ಇದೆ, ಕೆಲಸ ಮುಗಿದ ಮೇಲಿನ ಸಂಜೆ ಅಂತ. ಐದೂವರೆಗೆ ಲ್ಯಾಪ್‌ಟಾಪ್ ಮುಚ್ಚಿ ಆ ಪದ ಹೇಳಿ ಎದ್ದರೆ ಯಾರೂ ಕಮಕ್ ಕಿಮಕ್ ಅನ್ನಲ್ಲ.

ಬೆಂಗಳೂರಿನ ಟೀಮ್ ಜೊತೆ ಕೆಲಸ ಮಾಡೋರು ಒಂದು ಗಮನಿಸಿ: ನೀವು ಮಧ್ಯಾಹ್ನ ಮೂರೂವರೆಗೆ ಆರಾಮಾಗಿ ಕಳಿಸೋ ಮೆಸೇಜು ಅಲ್ಲಿ ಬೇಸಿಗೇಲಿ ಸಂಜೆ ಏಳು, ಚಳಿಗಾಲದಲ್ಲಿ ಎಂಟು.

ತಡ್ಕೊಳ್ಳೋಕೆ ಆಗ್ತಿಲ್ಲ, ಮೊದಲು ಎಲ್ಲಿಗೆ ಹೋಗ್ಲಿ?

ಎಚ್ಆರ್ ಹತ್ರ ಅಂತೂ ಬೇಡ. ಮೊದಲು ಡಾಕ್ಟ್ರು. ಜರ್ಮನಿಯಲ್ಲಾದ್ರೆ ನಿಮ್ಮ ಮಾಮೂಲಿ ಫ್ಯಾಮಿಲಿ ಡಾಕ್ಟ್ರೇ ಸಾಕು, ಹೌಸ್‌ಆರ್ಟ್ಸ್ಟ್ ಅಂತಾರಲ್ಲ ಅವರು. ಸೈಕಿಯಾಟ್ರಿಸ್ಟ್ ಅಪಾಯಿಂಟ್‌ಮೆಂಟ್ ಸಿಗೋ ತನಕ ಕಾಯ್ತಾ ಕೂರಬೇಡಿ.

ನಂದೇ ಹೇಳ್ತೀನಿ. ನವೆಂಬರ್ ತಿಂಗಳು, ಬೆಳಿಗ್ಗೆ ಒಂಬತ್ತಕ್ಕೆ ಒಂದು ಮೇಲ್ ಓದೋಕೆ ಕೂತೆ. ನಾಲ್ಕೇ ಲೈನು. ಕೊನೇ ಲೈನಿಗೆ ಬರೋಷ್ಟರಲ್ಲಿ ಮೊದಲನೇದು ಮರೆತುಹೋಗಿರತ್ತೆ, ಮತ್ತೆ ಮೇಲಿಂದ ಓದ್ತೀನಿ, ಮತ್ತೆ ಮರೀತೀನಿ. ಕಾಫಿ ಮೇಲೆ ಕೆನೆ ಕಟ್ಟಿದ್ದು ಕಂಡು ಟೈಮ್ ನೋಡಿದ್ರೆ ಹತ್ತಕ್ಕೆ ಹತ್ತು ನಿಮಿಷ. ಆ ಮೇಲಲ್ಲಿ ಇದ್ದಿದ್ದು ಏನು ಅಂತೀರಾ, ಗುರುವಾರದ ಮೀಟಿಂಗ್ ಶುಕ್ರವಾರಕ್ಕೆ ಹೋಗಿದೆ ಅಂತ. ಅವತ್ತು ಹನ್ನೊಂದಕ್ಕೆ ಡಾಕ್ಟ್ರ ಹತ್ರ ಹೋದೆ. ವಯಸ್ಸಾದ ಹೆಂಗಸು. ನಿದ್ದೆ ಎಷ್ಟು ದಿನದಿಂದ ಇಲ್ಲ, ಶನಿವಾರ ಭಾನುವಾರ ಯಾವುದಾದ್ರೂ ಖುಷಿ ಕೊಡತ್ತಾ, ಬದುಕೋದೇ ಬೇಡ ಅನ್ಸತ್ತಾ, ಈ ಮೂರು ಕೇಳಿದ್ರು. ನಂಗೆ ಎರಡನೇದಕ್ಕೆ ಅಳು ಬಂತು, ಮೂರನೇದಕ್ಕಲ್ಲ. ಎರಡು ವಾರ ರಜೆ ಬರೆದು, ಲ್ಯಾಪ್‌ಟಾಪ್‌ನ ಬೀರುವಲ್ಲಿಟ್ಟು ಬೀಗ ಹಾಕಿ ಅಂದ್ರು. ಜೊತೆಗೆ ರಕ್ತ ತಗೊಂಡು ಥೈರಾಯ್ಡು, ಬಿ12, ವಿಟಮಿನ್ ಡಿ ನೋಡಿದ್ರು. ಇದನ್ನ ನೀವೂ ಕೇಳಿ ಮಾಡಿಸ್ಕೊಳ್ಳಿ, ಥೈರಾಯ್ಡ್ ಏರುಪೇರಾದ್ರೂ ಬಿ12 ಕಮ್ಮಿಯಾದ್ರೂ ಹೀಗೇ ಸುಸ್ತು, ಮಂಕು ಬರತ್ತೆ, ಸಸ್ಯಾಹಾರಿಗಳಲ್ಲಿ ಬಿ12 ಕೊರತೆ ಜಾಸ್ತಿ.

ಬಾಸಿಗೆ ಎರಡು ಲೈನ್ ಮೇಲ್ ಹಾಕ್ದೆ, ಹುಷಾರಿಲ್ಲ, ಇಂಥಾ ದಿನದ ತನಕ ಬರಲ್ಲ ಅಂತ. ಬೇಗ ಹುಷಾರಾಗಿ ಅಂತ ಎರಡೇ ಪದ ವಾಪಸ್ ಬಂತು. ಆ ಮೇಲ್ ಕಳಿಸೋಕೆ ನಾನು ಮೂರು ವಾರ ಹೆದರಿದ್ದೆ. ಊರಿಗೆ ಫೋನ್ ಮಾಡಿ ಅಮ್ಮಂಗೆ ಜ್ವರ ಅಂದೆ, ಮೆಣಸಿನ ಸಾರು ಮಾಡ್ಕೊಂಡು ಕುಡಿ ಅಂದ್ಳು. ಮಾಡ್ಕೊಂಡೂ ಕುಡ್ದೆ.

ನೆದರ್‌ಲ್ಯಾಂಡ್ಸಲ್ಲೂ ಹೀಗೇನಾ?

ಇಲ್ಲ. ಅಲ್ಲಿ ಫ್ಯಾಮಿಲಿ ಡಾಕ್ಟ್ರು ರಜೆ ಚೀಟಿ ಬರೆಯಲ್ಲ. ನೀವೇ ಬಾಸಿಗೆ ಹುಷಾರಿಲ್ಲ ಅಂತ ಹೇಳ್ಬೇಕು, ಆಮೇಲೆ ಕಂಪನಿ ಗೊತ್ತುಮಾಡಿರೋ ಡಾಕ್ಟ್ರು, ಬೆಡ್ರೈಫ್ಸ್‌ಆರ್ಟ್ಸ್ ಅಂತಾರೆ, ಅವರು ನಿಮ್ಮನ್ನ ನೋಡಿ ಕೆಲಸ ಮಾಡೋ ಸ್ಥಿತಿ ಇದೆಯಾ ಅಂತ ಹೇಳ್ತಾರೆ. ಆರನೇ ವಾರಕ್ಕೆ ಅವರ ವರದಿ, ಎಂಟನೇ ವಾರಕ್ಕೆ ವಾಪಸ್ ಬರೋ ಪ್ಲಾನು, ಎಲ್ಲಾ ಕಾನೂನಲ್ಲೇ ಇದೆ. ಕಂಪನಿ ದುಡ್ಡು ಕೊಡೋ ಡಾಕ್ಟ್ರು ಅಂತ ಹೆದರ್ಕೋತಾರೆ ನಮ್ಮವರು, ಅವರಿಗೂ ಗುಟ್ಟು ಕಾಯೋ ನಿಯಮ ಇದೆ.

ಏನು ಕಾಯಿಲೆ ಅಂತ ಆಫೀಸಲ್ಲಿ ಗೊತ್ತಾಗತ್ತಾ?

ಗೊತ್ತಾಗಲ್ಲ. ನೆದರ್‌ಲ್ಯಾಂಡ್ಸಲ್ಲಿ ಬಾಸ್ ಕೇಳೋ ಹಾಗೇ ಇಲ್ಲ. ಜರ್ಮನಿಯಲ್ಲಿ 2023ರ ಜನವರಿಯಿಂದ ಸರ್ಕಾರಿ ಇನ್ಶೂರೆನ್ಸ್ ಇರೋರ ರಜೆ ಚೀಟಿನ ಕಂಪನಿ ಆನ್‌ಲೈನಲ್ಲಿ ಇನ್ಶೂರೆನ್ಸಿನವರಿಂದ ತಗೊಳತ್ತೆ, ಅದರಲ್ಲಿ ಮುಖ್ಯವಾಗಿ ಯಾವತ್ತಿಂದ ಯಾವತ್ತಿನ ತನಕ ಅಂತ ಇರತ್ತೆ, ಅಷ್ಟೇ. ಮುಂಚೆ ಹಳದಿ ಚೀಟಿ ಇತ್ತಲ್ಲ, ಅದರಲ್ಲಿ ಕಾಯಿಲೆ ಹೆಸರಿಲ್ಲದೇ ಇದ್ರೂ ಡಾಕ್ಟ್ರ ಸೀಲ್ ಇರ್ತಿತ್ತು, ಸೈಕಿಯಾಟ್ರಿಸ್ಟ್ ಸೀಲ್ ನೋಡಿದ ತಕ್ಷಣ ಗುಸುಗುಸು ಶುರು. ಈಗ ಆ ಕಾಟ ತಪ್ಪಿತು.

ಹೇಳ್ಕೋಬೇಕಾ ಬೇಡ್ವಾ ಅನ್ನೋದು ನಿಮ್ಮಿಷ್ಟ. ಮೇಲೆ ಹೇಳಿದ ಇಯು-ಓಶಾದ 2022ರ ಸರ್ವೇಯಲ್ಲಿ ಅರ್ಧ ಜನ ಮಾನಸಿಕ ಸಮಸ್ಯೆ ಇದೆ ಅಂತ ಆಫೀಸಲ್ಲಿ ಹೇಳ್ಕೊಂಡ್ರೆ ಕೆರಿಯರ್‌ಗೆ ಪೆಟ್ಟು ಅಂದಿದಾರೆ. ಬಿಳಿಯರಿಗೆ ಇದೆಲ್ಲ ಸಲೀಸು, ನಮಗೆ ಮಾತ್ರ ಸಂಕೋಚ ಅಂದ್ಕೋಬೇಡಿ. ನಾನು ವಾಪಸ್ ಹೋದ್ಮೇಲೆ ಪಕ್ಕದ ಸೀಟಿನ ಜರ್ಮನ್ ಮನುಷ್ಯ, ಇಪ್ಪತ್ತು ವರ್ಷದ ಸರ್ವೀಸು, ಕಾಫಿ ಮಿಷನ್ ಹತ್ರ ಆ ಕಡೆ ಈ ಕಡೆ ನೋಡಿ ನಂಗೂ ಆಗಿತ್ತು, ಬೆನ್ನು ನೋವು ಅಂತ ಹೇಳಿದ್ದೆ ಅಂದ.

ಸಂಬಳ ಬರತ್ತಾ?

ಜರ್ಮನಿಯಲ್ಲಿ ಆರು ವಾರ ಪೂರ್ತಿ ಸಂಬಳ ಕಂಪನಿ ಕೊಡತ್ತೆ, ಕೆಲಸಕ್ಕೆ ಸೇರಿ ನಾಲ್ಕು ವಾರ ಆಗಿರ್ಬೇಕು ಅಷ್ಟೇ. ಆಮೇಲೆ ಸರ್ಕಾರಿ ಇನ್ಶೂರೆನ್ಸಿನವರು ಕ್ರಾಂಕನ್‌ಗೆಲ್ಟ್ ಕೊಡ್ತಾರೆ, ಒಟ್ಟು ಸಂಬಳದ 70 ಪರ್ಸೆಂಟ್, ಆದ್ರೆ ಕೈಗೆ ಬರೋ ಸಂಬಳದ 90 ಪರ್ಸೆಂಟ್ ಮೀರಲ್ಲ, ಒಂದೇ ಕಾಯಿಲೆಗೆ ಮೂರು ವರ್ಷದಲ್ಲಿ 78 ವಾರದ ತನಕ, ಕಂಪನಿ ಕೊಟ್ಟ ಆರು ವಾರಾನೂ ಇದರಲ್ಲೇ ಲೆಕ್ಕ. ಪ್ರೈವೇಟ್ ಇನ್ಶೂರೆನ್ಸ್ ತಗೊಂಡಿರೋ ಐಟಿ ಮಹಾಶಯರೇ, ನಿಮಗೆ ಇದು ತಾನಾಗೇ ಸಿಗಲ್ಲ, ಬೇರೆ ತಗೊಂಡಿರ್ಬೇಕು, ಪಾಲಿಸಿ ತೆಗೆದು ನೋಡಿ ಇವತ್ತೇ. ನೆದರ್‌ಲ್ಯಾಂಡ್ಸಲ್ಲಿ ಕಂಪನಿಯೇ ಎರಡು ವರ್ಷದ ತನಕ ಕನಿಷ್ಠ 70 ಪರ್ಸೆಂಟ್ ಕೊಡ್ಬೇಕು. ಐರ್ಲೆಂಡ್ ಈ ವಿಷಯದಲ್ಲಿ ಬಡವ, ಕಾನೂನು ಪ್ರಕಾರ ಕಂಪನಿ ಕೊಡ್ಬೇಕಾಗಿರೋ ಸಿಕ್ ಲೀವ್ 2023ರಲ್ಲಿ 3 ದಿನ ಅಂತ ಶುರುವಾಗಿ 2024ರಲ್ಲಿ 5 ದಿನ ಆಯ್ತು, ಅದೂ 70 ಪರ್ಸೆಂಟ್, ದಿನಕ್ಕೆ 110 ಯೂರೋ ಮೀರದ ಹಾಗೆ. ಕಂಪನಿ ತಾನಾಗೇ ಜಾಸ್ತಿ ಕೊಟ್ರೆ ಉಂಟು.

ರಜೆ ಚೀಟಿ ಇದ್ದಾಗ ಮನೇಲೇ ಬಿದ್ದಿರ್ಬೇಕಾ? ಊರಿಗೆ ಹೋಗ್ಬಹುದಾ?

ಮನೇಲಿ ಬಿದ್ದಿರೋದು ಬೇಡ. ಹುಷಾರಾಗೋಕೆ ಅಡ್ಡಿಯಾಗದೆ ಇರೋದು ಏನು ಬೇಕಾದ್ರೂ ಮಾಡಿ. ಜ್ವರಕ್ಕೆ ಮಲಗೋದು ಸರಿ, ಇದಕ್ಕೆ ಡಾಕ್ಟ್ರೇ ಕಾಡಲ್ಲಿ ನಡೀರಿ ಅಂತಾರೆ. ಊರಿಗೆ ಹೋಗೋದು ಸ್ವಲ್ಪ ಸೂಕ್ಷ್ಮ: ಡಾಕ್ಟ್ರ ಒಪ್ಪಿಗೆ ಬೇಕು, ಕ್ರಾಂಕನ್‌ಗೆಲ್ಟ್ ಬರ್ತಿದ್ರೆ ಇನ್ಶೂರೆನ್ಸಿನವರ ಒಪ್ಪಿಗೆ ಮೊದಲೇ ಬೇಕು, ಇಲ್ಲ ಅಂದ್ರೆ ಹೊರದೇಶದಲ್ಲಿದ್ದಷ್ಟು ದಿನ ದುಡ್ಡು ನಿಲ್ಲತ್ತೆ. ಹೋದ್ರೂ ಮದುವೆ ಮನೇಲಿ ಕುಣಿಯೋ ಫೋಟೋ ಸ್ಟೇಟಸ್ ಹಾಕೋ ಕೆಲಸ ಬೇಡ.

ಇನ್ನೊಂದು, ವರ್ಷದ ರಜೆ ಹಾಕಿದ್ದಾಗ ಹುಷಾರು ತಪ್ಪಿ ಚೀಟಿ ತಗೊಂಡ್ರೆ ಆ ರಜೆ ದಿನಗಳು ನಿಮಗೆ ವಾಪಸ್ ಸಿಗತ್ತೆ. ಯುರೋಪಿನ ಕೋರ್ಟೇ ಹೇಳಿದೆ, ರಜೆ ಇರೋದು ದಣಿವಾರಿಸ್ಕೊಳ್ಳೋಕೆ, ಕಾಯಿಲೆ ಬೀಳೋಕಲ್ಲ ಅಂತ.

ಕೆಲಸ ಹೋಗತ್ತಾ? ವೀಸಾ ಗತಿ?

ನೆದರ್‌ಲ್ಯಾಂಡ್ಸಲ್ಲಿ ಖಾಯಿಲೆ ಬಿದ್ದ ಮೊದಲ ಎರಡು ವರ್ಷ ಆ ಕಾರಣಕ್ಕೆ ತೆಗೆಯೋ ಹಾಗಿಲ್ಲ. ಜರ್ಮನಿಯಲ್ಲಿ ಹುಷಾರಿಲ್ಲದಾಗ ತೆಗೆಯೋಕೇ ಆಗಲ್ಲ ಅಂತ ಸುಮಾರು ಜನ ನಂಬಿದಾರೆ, ಅದು ತಪ್ಪು. ಸೇರಿ ಆರು ತಿಂಗಳಾಗಿದ್ದು ಕಂಪನೀಲಿ ಹತ್ತು ಜನಕ್ಕಿಂತ ಜಾಸ್ತಿ ಇದ್ರೆ ಮಾತ್ರ ಗಟ್ಟಿ ರಕ್ಷಣೆ, ಆಗಲೂ ದೀರ್ಘಕಾಲದ ಕಾಯಿಲೆ ಅಂತ ಕಾರಣ ಕೊಟ್ಟು ತೆಗೆಯೋಕೆ ಕಷ್ಟದ ದಾರಿಯೊಂದಿದೆ. ಪತ್ರ ಬಂದ್ರೆ ಮೂರು ವಾರದೊಳಗೆ ಕೋರ್ಟಿಗೆ ಹೋಗ್ಬೇಕು, ಅದು ತಪ್ಪಿದ್ರೆ ಮುಗೀತು. ಅದಕ್ಕೇ ಪತ್ರಕ್ಕೆ ಹೆದರಿ ಡ್ರಾದಲ್ಲಿ ಹಾಕಿಡಬೇಡಿ. ಒಪ್ಪಂದದಲ್ಲಿ ಬಿಟ್ಟುಹೋಗೋಣ ಅಂತ ಕಾಗದ ಮುಂದಿಟ್ರೆ ಅಲ್ಲೇ ಸೈನ್ ಮಾಡ್ಬೇಡಿ, ನೌಕರರ ಸಮಿತಿ ಬೆಟ್ರೀಬ್ಸ್‌ರಾಟ್ ಇದ್ರೆ ಅವರ ಹತ್ರ ಹೋಗಿ.

ವೀಸಾ ವಿಷಯ: ಸಿಕ್ ಲೀವಲ್ಲಿರೋದು ಕೆಲಸ ಕಳ್ಕೊಂಡ ಹಾಗಲ್ಲ, ಕಾಂಟ್ರಾಕ್ಟ್ ಇದೆ. ಕೆಲಸಾನೇ ಹೋದ್ರೂ ಬ್ಲೂ ಕಾರ್ಡ್ (ಹೊರಗಿಂದ ಬಂದ ನುರಿತ ಕೆಲಸಗಾರರಿಗೆ ಕೊಡೋ ಪರ್ಮಿಟ್) ಇರೋರಿಗೆ 2021ರ ಇಯು ನಿಯಮದಲ್ಲಿ ಬೇರೆ ಕೆಲಸ ಹುಡುಕೋಕೆ ಮೂರು ತಿಂಗಳು, ಕಾರ್ಡ್ ಸಿಕ್ಕಿ ಎರಡು ವರ್ಷ ಆಗಿದ್ರೆ ಆರು ತಿಂಗಳು ಇದೆ. ಬೇರೆ ಪರ್ಮಿಟ್ ಆದ್ರೆ ಲಾಯರ್ ಹತ್ರ ಒಂದ್ಸಲ ಕೇಳಿ, ವಾಟ್ಸಾಪ್ ಪಂಡಿತರ ಹತ್ರ ಅಲ್ಲ.

ಥೆರಪಿ ಸಿಗೋಕೆ ಎಷ್ಟು ದಿನ?

ಇಲ್ಲಿ ಜರ್ಮನಿ ನಾಚ್ಕೋಬೇಕು. ತಿಂಗಳುಗಟ್ಟಲೆ ಕಾಯಿಸ್ತಾರೆ. ಡಾಕ್ಟ್ರ ಅಪಾಯಿಂಟ್‌ಮೆಂಟ್ ಕೊಡಿಸೋ ನಂಬರ್ 116117 ಗೆ ಫೋನ್ ಮಾಡಿದ್ರೆ ಮೊದಲ ಭೇಟಿಗೆ ದಿನ ಸಿಗತ್ತೆ, ಅಲ್ಲಿಂದ ನಿಜವಾದ ಥೆರಪಿ ಶುರುವಾಗೋಕೆ ಮತ್ತೆ ಕಾಯೋದು. ನಾನು ಇಪ್ಪತ್ಮೂರು ಜನಕ್ಕೆ ಫೋನ್ ಮಾಡಿದ್ದೆ, ಒಂದು ಪುಸ್ತಕದಲ್ಲಿ ಹೆಸರು ಬರೆದು ಟಿಕ್ ಹಾಕ್ತಾ. ತುಂಬಾ ಥೆರಪಿಸ್ಟುಗಳು ವಾರಕ್ಕೆ ಒಂದೆರಡು ಗಂಟೆ ಮಾತ್ರ ಫೋನಿಗೆ ಸಿಗ್ತಾರೆ, ಮಿಕ್ಕಿದ ಟೈಮ್ ಮಿಷನ್ ಮಾತಾಡತ್ತೆ. ತಲೆ ಎತ್ತೋಕೆ ಆಗದೆ ಇರೋ ಮನುಷ್ಯನಿಗೆ ಇಪ್ಪತ್ಮೂರು ಫೋನ್ ಮಾಡು ಅನ್ನೋ ವ್ಯವಸ್ಥೆ ಯಾರು ಮಾಡಿದ್ರೋ. ನಿಮ್ಮ ಮನೆಯವರೋ ಫ್ರೆಂಡೋ ಕೂತು ಮಾಡ್ಕೊಡ್ಲಿ.

ಭಾಷೆ ಇನ್ನೊಂದು ತೊಡಕು. ಇಂಗ್ಲಿಷಲ್ಲಿ ಸಿಗ್ತಾರೆ, ಕನ್ನಡದಲ್ಲಿ ಬೇಕು ಅಂತ ಕೆಲವರು ಬೆಂಗಳೂರಿನವರ ಹತ್ರ ವಿಡಿಯೋ ಕಾಲಲ್ಲಿ ಮಾತಾಡ್ತಾರೆ, ಸಾಮಾನ್ಯವಾಗಿ ಇಲ್ಲಿನ ಇನ್ಶೂರೆನ್ಸ್ ಅದಕ್ಕೆ ದುಡ್ಡು ಕೊಡಲ್ಲ. ನಾನು ಇಂಗ್ಲಿಷಲ್ಲೇ ಮಾಡಿದ್ದು. ಹೊಟ್ಟೆ ಉರಿಯತ್ತೆ ಅಂದಿದ್ದನ್ನ ಅವರು ಗ್ಯಾಸ್ಟ್ರಿಕ್ ಅಂತ ಬರ್ಕೊಂಡಿದ್ರು, ಅದನ್ನ ಸರಿ ಮಾಡೋಕೆ ಒಂದು ಸೆಷನ್ ಹೋಯ್ತು.

ವಾಪಸ್ ಕೆಲಸಕ್ಕೆ ಹೋಗೋದು ಹೇಗೆ?

ಒಂದೇ ಸಲ ಎಂಟು ಗಂಟೆಗೆ ಹೋಗ್ಬೇಡಿ. ಜರ್ಮನಿಯಲ್ಲಿ ಹ್ಯಾಂಬರ್ಗ್ ಮಾಡೆಲ್ ಅಂತ ಇದೆ, ದಿನಕ್ಕೆ ಎರಡು ಗಂಟೆ, ಆಮೇಲೆ ನಾಲ್ಕು, ಆಮೇಲೆ ಆರು, ಹಿಂಗೆ ಡಾಕ್ಟ್ರು ಬರೆದುಕೊಟ್ಟ ಹಾಗೆ. ಆಗ ನೀವಿನ್ನೂ ಲೆಕ್ಕದಲ್ಲಿ ಸಿಕ್ ಲೀವಲ್ಲೇ. ವರ್ಷದಲ್ಲಿ ಆರು ವಾರಕ್ಕಿಂತ ಜಾಸ್ತಿ ಹುಷಾರಿಲ್ಲದೆ ಇದ್ದವರನ್ನ ಕಂಪನಿ ಕರೆದು ಏನು ಬದಲಾಯಿಸಿದ್ರೆ ಮತ್ತೆ ಹೀಗಾಗಲ್ಲ ಅಂತ ಮಾತಾಡೋದು ಕಡ್ಡಾಯ, ಬೆಮ್ ಅಂತಾರೆ, ಹೋಗೋದು ಬಿಡೋದು ನಿಮ್ಮಿಷ್ಟ. ನಾನು ಹೋಗಿದ್ದೆ, ಒಂದೇ ಕೇಳ್ಕೊಂಡೆ, ಎರಡು ಪ್ರಾಜೆಕ್ಟಲ್ಲಿ ಒಂದು ತೆಗೀರಿ ಅಂತ. ತೆಗೆದ್ರು. ಅದನ್ನ ಆರು ತಿಂಗಳು ಮುಂಚೆ ಬಾಯಿಬಿಟ್ಟು ಕೇಳಿದ್ದಾಗ ನಗಾಡಿದ್ರು, ಅದೇ ಜನ.

ನಾಲ್ಕು ದಿನದ ವಾರ ಬಂದ್ರೆ ಎಲ್ಲಾ ಸರಿಹೋಗತ್ತಾ?

ಐಸ್‌ಲ್ಯಾಂಡಲ್ಲಿ 2015ರಿಂದ 2019ರ ತನಕ ಸುಮಾರು 2,500 ಜನರ ಮೇಲೆ ಪ್ರಯೋಗ ಆಯ್ತು, 40 ಗಂಟೆಯಿಂದ 35-36ಕ್ಕೆ ಇಳಿಸಿದ್ರು, ಸಂಬಳ ಕಡಿಮೆ ಮಾಡ್ಲಿಲ್ಲ, ಜನ ಆರಾಮಾದ್ರು, ಕೆಲಸಾನೂ ನಡೀತು. ಬೆಲ್ಜಿಯಂ 2022ರಲ್ಲಿ ತಂದಿದ್ದು ಬೇರೆ, ಅಷ್ಟೇ ಗಂಟೆಗಳನ್ನ ನಾಲ್ಕು ದಿನಕ್ಕೆ ತುರುಕೋದು. ಐದು ಚಪಾತಿ ಹಿಟ್ಟಲ್ಲಿ ನಾಲ್ಕು ದಪ್ಪ ಚಪಾತಿ.

ಚಳಿಗಾಲದ ಕತ್ತಲೆ?

ಸ್ಟಾಕ್‌ಹೋಮಲ್ಲಿ ಡಿಸೆಂಬರಲ್ಲಿ ಮಧ್ಯಾಹ್ನ ಮೂರಕ್ಕೆ ಮುಂಚೇನೇ ಸೂರ್ಯ ಮುಳುಗ್ತಾನೆ. ಕೆಲಸದ ಒತ್ತಡ ಇದರಿಂದ ಬರಲ್ಲ, ಆದ್ರೆ ಇದ್ದಿದ್ದು ಹೆಚ್ಚಾಗತ್ತೆ. ಊಟದ ಬ್ರೇಕಲ್ಲಿ ಹೊರಗೆ ನಡೀರಿ, ಮಳೆ ಬಂದ್ರೂನೂ.

ತುಂಬಾ ಅರ್ಜೆಂಟ್, ಬದುಕೋದೇ ಬೇಡ ಅನ್ನಿಸ್ತಿದೆ ಅಂದ್ರೆ?

ಇದನ್ನ ಓದ್ತಾ ಕೂರಬೇಡಿ. ಪ್ರಾಣಕ್ಕೆ ಅಪಾಯ ಅನ್ಸಿದ್ರೆ ಇಯು ದೇಶ ಯಾವುದೇ ಆಗ್ಲಿ 112. ಮಾತಾಡೋಕೆ ಯಾರಾದ್ರೂ ಬೇಕು ಅಂದ್ರೆ ಜರ್ಮನಿಯಲ್ಲಿ 116 123 ಅಥವಾ 0800 111 0 111, ಐರ್ಲೆಂಡ್, ಇಂಗ್ಲೆಂಡಲ್ಲೂ 116 123, ನೆದರ್‌ಲ್ಯಾಂಡ್ಸಲ್ಲಿ 0800 0113, ಫ್ರಾನ್ಸಲ್ಲಿ 3114. ಹಗಲು ರಾತ್ರಿ ಎತ್ತುತ್ತಾರೆ, ದುಡ್ಡಿಲ್ಲ. ಭಾಷೆ ಬರಲ್ಲ ಅಂತ ಹಿಂಜರೀಬೇಡಿ, ಇಂಗ್ಲಿಷಲ್ಲಿ ಶುರು ಮಾಡಿ, ಅಥವಾ ಪಕ್ಕದ ಮನೆ ಬೆಲ್ ಒತ್ತಿ ಇವರಿಗೆ ಫೋನ್ ಮಾಡ್ಕೊಡಿ ಅನ್ನಿ. ನಂಬರ್‌ಗಳನ್ನ ಈಗಲೇ ಫೋನಲ್ಲಿ ಸೇವ್ ಮಾಡಿಟ್ಕೊಳ್ಳಿ, ಬೇರೆ ಹೆಸರಲ್ಲಿ ಬೇಕಾದ್ರೂ ಸರಿ. ನನ್ನ ಫೋನಲ್ಲಿ ಅದು ಇವತ್ತಿಗೂ ಗ್ಯಾಸ್ ಏಜೆನ್ಸಿ ಅಂತಾನೇ ಇದೆ.